ಕನಕಾಂಬರದ ಇಪ್ಪತ್ತೊಂದು ಓವರು

೫ ಜನವರಿ ೧೯೬೪, ಭಾನುವಾರ. ಅರಸೀಕೆರೆ

ಈ ಪುಸ್ತಕ ಪಾರ್ಸಲ್ ಆಫೀಸಿನ ಹಳೆಯ ರಿಜಿಸ್ಟರು. ಅರ್ಧ ಖಾಲಿ ಇತ್ತು, ಇವರು ತಂದುಕೊಟ್ಟರು. "ಮನಸ್ಸಿಗೆ ಬಂದದ್ದೆಲ್ಲ ಇದರಲ್ಲಿ ಬರ್ಕೋ ಯದುಗಿರಿ, ನನ್ನ ಮೇಲೆ ಹಾರಬೇಡ" ಎಂದರು. ಇವರು ರೈಲ್ವೆ ಗಾರ್ಡು. ವಾರದಲ್ಲಿ ಐದು ದಿನ ಹುಬ್ಬಳ್ಳಿ ಲೈನಿನಲ್ಲಿರುತ್ತಾರೆ. ಹಾರೋಣವೆಂದರೂ ಗಂಡ ಊರಿನಲ್ಲಿರಬೇಕಲ್ಲ!

ಬೇಲೂರಿನಿಂದ ಅಪ್ಪನ ಕಾಗದ ಬಂದಿದೆ. ಸಂಕ್ರಾಂತಿಗೆ ಬಾ, ದೇವಸ್ಥಾನದಲ್ಲಿ ಹೂವಿನ ಕೆಲಸ ಜಾಸ್ತಿ ಎಂದು ಬರೆದಿದ್ದಾರೆ. ನಮ್ಮದು ಮೂರು ತಲೆಮಾರಿನಿಂದ ಚೆನ್ನಕೇಶವನಿಗೆ ಮಾಲೆ ಕಟ್ಟುವ ಮನೆ. ನಾನು ಮಾತು ಕಲಿಯುವ ಮೊದಲೇ ಗಂಟು ಹಾಕುವುದನ್ನು ಕಲಿತೆ ಎಂದು ಅಮ್ಮ ಹೇಳುತ್ತಾಳೆ. ಆಮೇಲೆ ಮಾತನ್ನೂ ಕಲಿತೆ, ತೊಂದರೆ ಆದದ್ದು ಅಲ್ಲಿಂದಲೇ.

ಹೋಗುವ ಹಾಗಿಲ್ಲ. ಬುಧವಾರ ಮಾವನವರ ಕಣ್ಣಿನ ಆಪರೇಷನ್. ಅತ್ತೆಯವರು ಮಗಳ ಬಾಣಂತನಕ್ಕೆ ಮೈಸೂರಿಗೆ ಹೋಗಿ ಕುಳಿತಿದ್ದಾರೆ. ಉಳಿದವಳು ನಾನೊಬ್ಬಳೇ. ಅಣ್ಣ ಅನಂತಸ್ವಾಮಿಗೆ ಕಾಗದ ಬರೆದೆ: ಈ ಮನೆಯಲ್ಲಿ ಇನ್ನು ಒಂದು ದಿನವೂ ಇರಲಾರೆ, ಆಪರೇಷನ್ ಮುಗಿದ ಕೂಡಲೇ ಬಂದು ಕರೆದುಕೊಂಡು ಹೋಗು.

ಮಾವನವರ ಹೆಸರು ಪಾರ್ಥಸಾರಥಿ. ಪಾರ್ಸಲ್ ಆಫೀಸಿನ ಹೆಡ್ ಕ್ಲಾರ್ಕ್ ಆಗಿ ರಿಟೈರಾದವರು. ಏನು ಕೆಲಸದಲ್ಲಿದ್ದಿರಿ ಎಂದು ಯಾರಾದರೂ ಕೇಳಿದರೆ ಮಾತ್ರ "ಸ್ಕೋರರ್" ಎನ್ನುತ್ತಾರೆ. ರೈಲ್ವೆ ಇನ್‌ಸ್ಟಿಟ್ಯೂಟಿನ ಕ್ರಿಕೆಟ್ ಟೀಮಿಗೆ ಇಪ್ಪತ್ತೆರಡು ವರ್ಷ ರನ್ನು ಬರೆದವರು. ಅವರಿಗೆ ಲೋಕದಲ್ಲಿ ಎಲ್ಲವೂ ಗಂಟೆಗೆ ಎಷ್ಟು ರನ್ನು ಎಂಬ ಪ್ರಶ್ನೆ. ಕಾಫಿ ಐದು ನಿಮಿಷ ತಡವಾದರೆ "ಏನಮ್ಮ, ಗಂಟೆಗೆ ಹದಿನೈದು ರನ್ನಿನ ಹಾಗೆ ಆಡ್ತಾ ಇದೀಯ" ಎನ್ನುತ್ತಾರೆ. ಬೇಗ ತಂದರೆ ನಾಲಿಗೆ ಸುಟ್ಟಿತೆಂದು ರೇಗುತ್ತಾರೆ. ನಿಧಾನವಾಗಿ ಆಡುವವರನ್ನು ಕಂಡರಂತೂ ಆಗುವುದೇ ಇಲ್ಲ. "ಅದೇನು ಆಟವೇ? ತಿಥಿ ಊಟಕ್ಕೆ ಎಲೆ ಹಾಕಿ ಬಡಿಸೋರಿಗೆ ಕಾಯ್ದ ಹಾಗೆ!"

ಮಾವನವರ ಎಡಗಣ್ಣು ಹೋದದ್ದೂ ಕ್ರಿಕೆಟ್ಟಿನಿಂದಲೇ. ಎರಡು ವರ್ಷದ ಹಿಂದೆ ಆಪರೇಷನ್ ಆಗಿ ಮಲಗಿದ್ದರಂತೆ. ಐದನೆಯ ದಿನ ಮದರಾಸಿನಲ್ಲಿ ನಮ್ಮವರು ಇಂಗ್ಲೆಂಡಿನವರನ್ನು ಸೋಲಿಸಿದರು ಎಂದು ಯಾರೋ ಕೂಗಿದ್ದಾರೆ. ಇವರು ಹಾಸಿಗೆಯಿಂದ ಎದ್ದು ಕುಣಿದೇಬಿಟ್ಟರಂತೆ. ನಮ್ಮವರು ಗೆದ್ದರು, ಇವರ ಕಣ್ಣು ಹೋಯಿತು. ಈಗ ಉಳಿದಿರುವುದು ಬಲಗಣ್ಣು ಒಂದೇ, ಅದಕ್ಕೂ ಪೊರೆ. ನಾನು ಈ ಮನೆಗೆ ಬಂದು ಒಂದೂವರೆ ವರ್ಷವಾಯಿತು, ನನ್ನ ಮುಖ ಹೇಗಿದೆ ಎಂದು ಅವರಿಗೆ ಗೊತ್ತಿಲ್ಲ. ಒಂದು ಸೀರೆ ಓಡಾಡುವುದು ಕಾಣುತ್ತದಂತೆ, ಅಷ್ಟೆ.

೮ ಜನವರಿ, ಬುಧವಾರ

ಆಪರೇಷನ್ ಆಯಿತು. ಒಂದು ಮೊಳ ಹೂವು ಕಟ್ಟುವಷ್ಟರಲ್ಲಿ ಮುಗಿದುಹೋಯಿತು. ಕಷ್ಟ ಇರುವುದು ಮುಂದಿನ ಎಂಟು ದಿನ.

ಕಣ್ಣಿನ ಶಿಬಿರ ನಡೆಯುತ್ತಿರುವುದು ಮಠದ ಛತ್ರದಲ್ಲಿ. ಹಜಾರದಲ್ಲಿ ನಲವತ್ತು ಜನ ಸಾಲಾಗಿ ಮಲಗಿದ್ದಾರೆ. ಎಲ್ಲರ ಎರಡು ಕಣ್ಣಿಗೂ ಪಟ್ಟಿ, ತಲೆಯ ಎರಡು ಪಕ್ಕಕ್ಕೂ ಮರಳಿನ ಚೀಲ. ತಲೆ ಎತ್ತಬಾರದು, ಹೊರಳಬಾರದು, ಕೆಮ್ಮಬಾರದು, ಗಟ್ಟಿಯಾಗಿ ನಗಬಾರದು, ಅಳಬಾರದು, ಅಗಿಯುವಂಥದ್ದು ತಿನ್ನಬಾರದು. ನರ್ಸ್ ಶಾಂತಾದೇವಿ ಇದನ್ನೆಲ್ಲ ಮಗ್ಗಿ ಒಪ್ಪಿಸಿದಂತೆ ಹೇಳಿದಳು. ಹೆಸರಷ್ಟೇ ಶಾಂತಾ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ನೋಡಮ್ಮ, ಇವರಿಗೆ ಇರೋದು ಒಂದೇ ಕಣ್ಣು. ಹೊಲಿಗೆ ಬಿಟ್ಟರೆ ನಾನೇನೂ ಮಾಡಲಾರೆ. ಅಲುಗಾಡದ ಹಾಗೆ ನೋಡಿಕೊಳ್ಳೋದು ನಿನ್ನ ಕೆಲಸ" ಎಂದರು. ಅಲುಗಾಡದ ಹಾಗೆ! ಈ ಮನುಷ್ಯನನ್ನು!

ಪಕ್ಕದ ಚಾಪೆಯಲ್ಲಿ ಕಣಕಟ್ಟೆಯ ಷಡಕ್ಷರಪ್ಪ ಎಂಬ ತೆಂಗಿನ ತೋಟದವರು ಇದ್ದಾರೆ. ಜೊತೆಗೆ ಹೆಂಡತಿ ಶಿವಗಂಗಮ್ಮ. ಮಾವನವರು ಒಂದೇ ಸಮನೆ ಗೊಣಗುತ್ತಿದ್ದುದನ್ನು ಕೇಳಿ ಷಡಕ್ಷರಪ್ಪನವರು ಅತ್ತಲಿಂದಲೇ ಸಮಾಧಾನ ಹೇಳಿದರು: "ಕೊಬ್ಬರಿ ಆಗೋಕೆ ಕಾಯೀನ ಹನ್ನೊಂದು ತಿಂಗ್ಳು ಅಟ್ಟದ ಮ್ಯಾಲೆ ಮುಟ್ಟದಂಗೆ ಮಡಗ್ತೀವಿ ಸ್ವಾಮಿ. ನಮ್ದು ಎಂಟೇ ದಿನ ಐತೆ. ಸುಮ್ಕೆ ಅಟ್ಟದ ಮ್ಯಾಲಿನ ಕಾಯಿ ಅನ್ಕಂಡು ಮನೀಕಳಿ."

"ಕಾಯಿಗೆ ಟೆಸ್ಟ್ ಮ್ಯಾಚಿನ ಚಿಂತೆ ಇರಲ್ಲ ಕಣ್ರೀ" ಎಂದರು ಮಾವನವರು.

ಇನ್ನು ಎಂಟು ದಿನ.

೯ ಜನವರಿ, ಗುರುವಾರ

ಬೆಳಗ್ಗೆ ಎರಡು ಜಗಳ, ಮಧ್ಯಾಹ್ನ ಒಂದು. ನಾಳೆಯಿಂದ ಮದರಾಸಿನಲ್ಲಿ ಇಂಗ್ಲೆಂಡಿನ ಮೇಲೆ ಟೆಸ್ಟು. ತಲೆಯ ಹತ್ತಿರ ರೇಡಿಯೋ ಇಡಿಸಬೇಕಂತೆ. ಶಾಂತಾದೇವಿ ಸೊಂಟದ ಮೇಲೆ ಕೈಯಿಟ್ಟು "ಈ ಹಜಾರದಲ್ಲಿ ರೇಡಿಯೋ ಬಂದರೆ ನಾನು ಆಚೆ ಹೋಗ್ತೀನಿ" ಎಂದಳು. ಸ್ಕೋರು ತಿಳಿಯದಿದ್ದರೆ ತಾನು ಆಚೆ ಹೋಗುತ್ತೇನೆ ಎಂದರು ಮಾವನವರು. ಹೋಗಿಯೇಬಿಡುತ್ತಾರೆ, ಅಂಥ ಮನುಷ್ಯ.

ಕೊನೆಗೆ ನಾನೇ ಒಂದು ದಾರಿ ಮಾಡಿದೆ. ಛತ್ರದ ಹಿಂದುಗಡೆಯೇ ಹೈಸ್ಕೂಲು ಹೆಡ್‌ಮಾಸ್ಟರ ಮನೆ. ಅವರ ಹೆಂಡತಿ ಜಾನಕಮ್ಮನ ಹತ್ತಿರ ರೇಡಿಯೋ ಇದೆ, ಹಿತ್ತಲಿನಲ್ಲಿ ಕನಕಾಂಬರದ ಸಾಲೂ ಮರುಗದ ಪಾತಿಯೂ ಇವೆ. ಸಂಕ್ರಾಂತಿಗೆ ಅವರ ಹೂವನ್ನೆಲ್ಲ ನಾನು ಕಟ್ಟಿಕೊಡುವುದು, ಅವರು ನನಗೆ ಕ್ರಿಕೆಟ್ ಹಾಕುವುದು ಎಂದಾಯಿತು. ನಾನು ಕೇಳಿಕೊಂಡು ಬಂದು ಮಾವನವರಿಗೆ ಹೇಳಬೇಕು. ಅಷ್ಟು ಹೊತ್ತು ಶಿವಗಂಗಮ್ಮ ನೋಡಿಕೊಳ್ಳುತ್ತಾರೆ.

ಸಾಯಂಕಾಲ ಒಂದು ಗಂಟೆ ಪಾಠ. ಒಂದು ಓವರಿಗೆ ಆರು ಚೆಂಡು. ಆರರಲ್ಲಿ ಒಂದೂ ರನ್ನು ಬರದಿದ್ದರೆ ಅದು ಮೇಡನ್ ಓವರು. ಸ್ಕೋರು ಬರೆಯುವಾಗ ಪ್ರತಿ ಬೌಲರಿಗೂ ಬೇರೆ ಬೇರೆ ಸಾಲು. "ಒಂದು ಚೆಂಡೂ ಬಿಟ್ಟು ಹೋಗಬಾರದು. ಸ್ಕೋರರ್ ಸುಳ್ಳು ಬರೆದರೆ ಆಟವೇ ಸುಳ್ಳಾಗುತ್ತೆ" ಎಂದರು. ಬೇಲೂರಿನಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ಇಂಗ್ಲಿಷು ಇದಕ್ಕೆ ಬಂತು. ಇನ್ನು ಏಳು ದಿನ.

೧೦ ಜನವರಿ, ಶುಕ್ರವಾರ

ಇವತ್ತು ಜೀವ ಬಾಯಿಗೆ ಬಂದಿತ್ತು.

ನಮ್ಮವರದೇ ಬ್ಯಾಟಿಂಗ್. ಕುಂದರನ್ ಎಂಬುವನು ಆಡಲು ಬಂದ. ಮೊದಲ ಸುದ್ದಿ ಸರಿಯಾಗಿಯೇ ಹೇಳಿದೆ: ಮಾವ, ಕುಂದರನ್ ಬೌಂಡರಿ ಮೇಲೆ ಬೌಂಡರಿ ಹೊಡೀತಿದಾನೆ. ಅಷ್ಟೇ ಸಾಕಾಯಿತು. "ಭಲೇ!" ಎಂದು ಕೂಗಿ ಮರಳಿನ ಚೀಲದಿಂದ ಒಂದು ಗೇಣು ತಲೆ ಎತ್ತಿದರು. ನಾನೂ ಶಿವಗಂಗಮ್ಮನೂ ಎರಡು ಭುಜ ಹಿಡಿದು ಅದುಮಿ ಮಲಗಿಸಿದೆವು. ಶಾಂತಾದೇವಿ ಓಡಿಬಂದು ಪಟ್ಟಿ ನೋಡಿ, ಏನೂ ಆಗಿಲ್ಲ ಎಂದಳು. ಆಮೇಲೆ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡು, "ಇನ್ನೊಂದು ಸಲ ಹೀಗಾದರೆ ಇವರ ಕೈಗೆ ಕೋಲು ಕೊಡಬೇಕಾಗುತ್ತೆ, ತಿಳ್ಕೋ" ಎಂದಳು.

ಇತ್ತ ಆ ಪುಣ್ಯಾತ್ಮ ಕುಂದರನ್ ನಿಲ್ಲಿಸಲೇ ಒಲ್ಲ. ಜಾನಕಮ್ಮನ ಜಗುಲಿಯಲ್ಲಿ ಕುಳಿತು ನಾನು ಚೆನ್ನಕೇಶವನಿಗೆ ಹರಕೆ ಹೊತ್ತೆ: ಸ್ವಾಮೀ, ಇವನು ಸ್ವಲ್ಪ ನಿಧಾನವಾಗಿ ಆಡಲಿ. ಇಡೀ ಇಂಡಿಯಾದಲ್ಲಿ ನಮ್ಮವನು ಹೊಡೆಯದಿರಲಿ ಎಂದು ಬೇಡಿಕೊಂಡವಳು ನಾನೊಬ್ಬಳೇ ಇರಬೇಕು. ಸಾಯಂಕಾಲಕ್ಕೆ ಅವನೊಬ್ಬನದೇ ನೂರೆಪ್ಪತ್ತು. ನಾನು ಮಾವನವರಿಗೆ ಎಪ್ಪತ್ತು ಎಂದೆ. ಒಂದು ನೂರು ಇಳಿಸಿಬಿಟ್ಟೆ, ಅಷ್ಟೆ.

"ಇಡೀ ದಿನ ಆಡಿ ಎಪ್ಪತ್ತೇ? ಇವನೂ ತಿಥಿ ಊಟದವನೇ" ಎಂದು ಸಪ್ಪಗಾದರು. ಸಪ್ಪಗಾದರೆ ಆಗಲಿ, ಅಲುಗಾಡಲಿಲ್ಲವಲ್ಲ. ಇನ್ನು ಆರು ದಿನ.

೧೧ ಜನವರಿ, ಶನಿವಾರ

ಕುಂದರನ್ ನೂರತೊಂಬತ್ತೆರಡಕ್ಕೆ ಔಟಾದ. ನಾನು ತೊಂಬತ್ತೆರಡು ಎಂದೆ. ನೂರು ಕಳೆದು ಹೇಳುವುದು ಸುಲಭ, ತಪ್ಪುವ ಭಯವಿಲ್ಲ ಎಂದು ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಮಾವನವರು, "ಎಂಟು ರನ್ನು... ಎಂಟೇ ಎಂಟು ರನ್ನು ಹೊಡೆದಿದ್ದರೆ ನೂರಾಗ್ತಿತ್ತು ಪಾಪದ ಹುಡುಗನಿಗೆ. ಮತ್ತೆ ಯಾವಾಗ ಸಿಗುತ್ತೋ" ಎಂದರು. ನೋಡಿದರೆ ಪಟ್ಟಿಯ ಅಂಚು ಒದ್ದೆ! ಅಳಬಾರದು ಎಂದು ಬಡಕೊಂಡಿದ್ದಾರೆ, ಇವರು ಅಳುತ್ತಿದ್ದಾರೆ, ಅದೂ ನಾನು ಕದ್ದ ನೂರಕ್ಕೆ. ಶಾಂತಾದೇವಿ ಪಟ್ಟಿ ಬದಲಾಯಿಸಿ ನನ್ನನ್ನೇ ದುರುಗುಟ್ಟಿ ನೋಡಿದಳು.

ನನಗೆ ಊಟ ಸೇರಲಿಲ್ಲ. ನಿಜ ಹೇಳಿದರೆ ಕುಣಿಯುತ್ತಾರೆ, ಸುಳ್ಳು ಹೇಳಿದರೆ ಅಳುತ್ತಾರೆ. ಯಾವುದು ಹೇಳಿದರೂ ಕಣ್ಣಿಗೇ ಸಂಚಕಾರ. ನಾಳೆ ಮೆತ್ತಗೆ, ಹತ್ತು ಹತ್ತಾಗಿ, ಆ ನೂರನ್ನು ವಾಪಸು ಕೊಟ್ಟುಬಿಡಬೇಕು ಎಂದುಕೊಂಡಿದ್ದೇನೆ. ಇನ್ನು ಐದು ದಿನ.

೧೨ ಜನವರಿ, ಭಾನುವಾರ

ಎಲ್ಲಿಂದ ಬರೆಯಲಿ? ಬೆಳಗ್ಗೆಯಿಂದಲೇ ಬರೆಯುತ್ತೇನೆ.

ನಾನು ಮಜ್ಜಿಗೆ ತೆಗೆದುಕೊಂಡು ಛತ್ರಕ್ಕೆ ಹೋಗುವಷ್ಟರಲ್ಲಿ ಷಡಕ್ಷರಪ್ಪನವರ ತಮ್ಮ ಮರುಳಪ್ಪ ಬಂದು ಕುಳಿತಿದ್ದರು. ಪೇಟೆಯಲ್ಲಿ ಕೊಬ್ಬರಿ ಮಂಡಿ ಇಟ್ಟವರು. ಅಣ್ಣನಿಗೆ ಹೊತ್ತು ಹೋಗಲಿ ಎಂದು ಬೆಂಗಳೂರಿನ ಪೇಪರು ತಂದು ಗಟ್ಟಿಯಾಗಿ ಓದುತ್ತಿದ್ದರು. "ಕುಂದರನ್ ನೂರತೊಂಬತ್ತೆರಡು! ಇಂಡಿಯಾ ಏಳು ವಿಕೆಟ್ಟಿಗೆ ನಾನೂರೈವತ್ತೇಳು ಡಿಕ್ಲೇರ್!" ಕೈಯಲ್ಲಿದ್ದ ಮಜ್ಜಿಗೆ ತುಳುಕಿತು.

ಮಾವನವರು ಕುಣಿಯಲಿಲ್ಲ, ಕೂಗಲೂ ಇಲ್ಲ. "ಯದುಗಿರಿ ಬಂದಳಾ?" ಎಂದರು. ಬಂದೆ ಎಂದೆ.

"ನೀನು ನನ್ನ ಕಾಫಿಯಲ್ಲಿ ಸಕ್ಕರೆ ಕದ್ದಿದ್ದರೆ ಬೈದು ಸುಮ್ಮನಾಗ್ತಿದ್ದೆ. ಒಬ್ಬನ ನೂರು ಕದ್ದೆಯಲ್ಲಮ್ಮ. ಕುರುಡನಿಗೆ ಏನು ಹೇಳಿದರೂ ನಡೆಯುತ್ತೆ ಅಂತ ತಾನೆ? ಹೋಗು. ಇವತ್ತು ನನ್ನ ಹತ್ತಿರ ಬರಬೇಡ."

ಶಿವಗಂಗಮ್ಮ ಕಣ್ಣಿನಲ್ಲೇ ಸನ್ನೆ ಮಾಡಿದರು, ಈಗ ಹೋಗು ಮಗಾ, ನಾನಿದ್ದೀನಿ ಎಂದು. ಬಂದೆ. ಜಾನಕಮ್ಮನ ಜಗುಲಿಯಲ್ಲಿ ಕುಳಿತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಕಣ್ಣು ಉಳಿಯಲಿ ಎಂದು ತಾನೆ ಹೇಳಿದ್ದು! ಇವತ್ತು ಒಂದು ಚೆಂಡೂ ಬಿಡದೆ ಪೂರ್ತಿ ನಿಜ ಒಯ್ದು ಕೊಡುತ್ತೇನೆ, ನೋಡೇಬಿಡೋಣ ಎಂದುಕೊಂಡೆ. ಆದರೆ ಕಾಗದದ ಮೇಲೆ ಬರೆದರೆ ಅವರು ಓದಲಾರರು, ನಾನು ಓದಿದರೆ ನಂಬಲಾರರು.

ಕೈಯ ಹತ್ತಿರ ಜಾನಕಮ್ಮನ ಕನಕಾಂಬರದ ಬುಟ್ಟಿ ಇತ್ತು. ನೆನೆಸಿದ ಬಾಳೆನಾರು ಇತ್ತು. ಅಷ್ಟು ಹೊತ್ತಿಗೆ ರೇಡಿಯೋದಲ್ಲಿ ನಾಡಕರ್ಣಿ ಬೌಲಿಂಗಿಗೆ ಬಂದ. ಅವನಿಗೆ ಒಂದು ನಾರು ತೆಗೆದಿಟ್ಟೆ, ಉಳಿದವರಿಗೆಲ್ಲ ಇನ್ನೊಂದು. ಒಂದು ಚೆಂಡಿಗೆ ಒಂದು ಕನಕಾಂಬರ. ಓವರು ಮುಗಿದರೆ ದೊಡ್ಡ ಗಂಟು. ರನ್ನು ಬಂದರೆ ಹೂವಿನ ಜೊತೆ ಒಂದು ಎಸಳು ಮರುಗ. ಕನಕಾಂಬರಕ್ಕೆ ವಾಸನೆ ಇಲ್ಲ, ಮರುಗಕ್ಕೆ ಇದೆ. ಬೆರಳಿಗೂ ಮೂಗಿಗೂ ಯಾರೂ ಪಟ್ಟಿ ಕಟ್ಟಿಲ್ಲವಲ್ಲ.

ಇತರರ ನಾರಿಗೆ ಮರುಗದ ಕೆಲಸ ಸ್ವಲ್ಪ ಇತ್ತು. ನಾಡಕರ್ಣಿಯ ನಾರಿಗೆ ಮರುಗವೇ ಬೇಡವಾಯಿತು. ಆರು ಹೂವು, ಗಂಟು. ಆರು ಹೂವು, ಗಂಟು. ಮತ್ತೊಂದು ಕಡೆಯಿಂದ ಇತರರು ಹಾಕಿದಾಗ ಒಂದೋ ಎರಡೋ ಬರುತ್ತಿತ್ತು, ಇವನು ಹಾಕಿದರೆ ಸೊನ್ನೆ. ಜಾನಕಮ್ಮ ಎರಡು ಸಲ ಬಂದು ಇಣುಕಿದರು. "ಏನೇ ಇದು? ಅವನು ಹಾಕ್ತಾನೆ, ಇವನು ಕುಟ್ಟಿ ನಿಲ್ಲಿಸ್ತಾನೆ. ಒಬ್ಬರಿಗೂ ಮನೆ ಕಡೆ ಕೆಲಸ ಇಲ್ಲವೇ?" ನನಗೂ ಮೊದಲು ಆಕಳಿಕೆ ಬಂತು. ಹತ್ತು ಗಂಟಾದ ಮೇಲೆ ಆಕಳಿಕೆ ನಿಂತಿತು. ಹದಿನೈದಾದ ಮೇಲೆ ಜಾನಕಮ್ಮನೂ ಸೌಟು ಹಿಡಿದುಕೊಂಡೇ ನಿಂತುಬಿಟ್ಟರು. ಹದಿನೆಂಟು. ಹತ್ತೊಂಬತ್ತು. ನಾಡಕರ್ಣಿ ಪ್ರತಿ ಸಲ ಓಡಿಬಂದಾಗ ನನ್ನ ಬೆರಳು ಹೂವಿನ ತೊಟ್ಟು ಹಿಡಿದು ಕಾಯುತ್ತಿತ್ತು. ಇಪ್ಪತ್ತೊಂದು ಮೇಡನ್! ಅದರ ಮುಂದಿನ ಓವರಿನಲ್ಲಿ ಒಂದೇ ಒಂದು ರನ್ನು ಬಂತು. ಬಂದಾಗ ಅಯ್ಯೋ ಎನ್ನಿಸಿತು, ಎಷ್ಟು ಚೆನ್ನಾಗಿ ಕಟ್ಟಿದ ಮಾಲೆಯಲ್ಲಿ ಎಲೆ ಸಿಕ್ಕಿಹಾಕಿಕೊಂಡಿತಲ್ಲ ಎಂದು.

ಆಟ ಮುಗಿದ ಮೇಲೆ ನಾಡಕರ್ಣಿಯ ಮಾಲೆಯನ್ನು ಎಲೆಯಲ್ಲಿ ಸುತ್ತಿಕೊಂಡು ಛತ್ರಕ್ಕೆ ಹೋದೆ. ಬೇಡವೆಂದಿದ್ದರು, ಹೋದೆ. ಸ್ಕೋರು ಕೇಳಿ ಮಾವ ಎಂದವಳೇ ಹೇಳಿಬಿಟ್ಟೆ: ನಾಡಕರ್ಣಿ ಒಂದರ ಮೇಲೊಂದು ಇಪ್ಪತ್ತೊಂದು ಮೇಡನ್ ಹಾಕಿದ.

"ಏನಂದೆ?"

"ಇಪ್ಪತ್ತೊಂದು ಓವರು, ಒಂದೂ ರನ್ನು ಬರಲಿಲ್ಲ."

"ಇನ್ನೂ ಸುಳ್ಳೇ!" ಅವರ ಕೆನ್ನೆಯೆಲ್ಲ ಕೆಂಪಾಯಿತು. "ಇಪ್ಪತ್ತೆರಡು ವರ್ಷ ಸ್ಕೋರು ಬರೆದಿದೀನಿ, ಒಂದು ಸಲವಾದರೂ ಹೀಗೆ ಕೇಳಿಲ್ಲ! ನನ್ನನ್ನ ಮಲಗಿಸೋಕೆ ಈಗ ಹೊಡೆಯೋದನ್ನೇ ನಿಲ್ಲಿಸಿಬಿಟ್ಟೆಯಾ? ನಾನೇ ಹೋಗಿ ಕೇಳ್ತೀನಿ, ಎಲ್ಲಿದೆ ಆ ರೇಡಿಯೋ!" ಎಂದವರೇ ಮೊಣಕೈ ಊರಿದರು. ಭುಜ ಮೇಲೆದ್ದಿತು. ಶಿವಗಂಗಮ್ಮ "ಅಯ್ಯಯ್ಯೋ ಸ್ವಾಮಿ!" ಎಂದರು. ಇನ್ನು ನಾಲ್ಕು ಬೆರಳು ಎದ್ದಿದ್ದರೆ ಆ ಕಣ್ಣೂ ಹೋಗುತ್ತಿತ್ತು.

ನಾನು ಹಿಡಿಯಲಿಲ್ಲ, ಅದುಮಲಿಲ್ಲ. ಮಾಲೆಯ ತುದಿಯನ್ನು ಅವರ ಬೆರಳ ಸಂದಿಗೆ ಇಟ್ಟೆ.

"ಏನಿದು?"

"ಸ್ಕೋರ್ ಬುಕ್ಕು. ಒಂದು ಹೂವು ಒಂದು ಚೆಂಡು, ಗಂಟು ಬಂದರೆ ಓವರು ಮುಗಿಯಿತು, ಮರುಗ ಸಿಕ್ಕಿದರೆ ರನ್ನು. ನೀವೇ ಓದಿ ಮಾವ. ಆದರೆ ಮಲಗಿಕೊಂಡು ಓದಿ."

ಬೆರಳು ಒಂದು ಹೂವನ್ನು ಮುಟ್ಟಿತು. ಮುಂದಿನದನ್ನು ಮುಟ್ಟಿತು. ಮೊಣಕೈ ತಾನಾಗಿ ಸಡಿಲವಾಯಿತು, ತಲೆ ಚೀಲಗಳ ನಡುವೆ ಕುಳಿತುಕೊಂಡಿತು. ಮಾಲೆಯನ್ನು ಎದೆಯ ಮೇಲೆ ಹರಡಿಕೊಂಡು ಎಣಿಸತೊಡಗಿದರು. "ಒಂದು, ಎರಡು... ಆರು. ಗಂಟು. ಮೇಡನ್. ಒಂದು, ಎರಡು..." ಷಡಕ್ಷರಪ್ಪನವರು ಓವರು ಹಿಡಿದರು: "ಮೂರಾತು. ನಾಕಾತು." ಅವರ ಆಚೆಯವರು "ಏನ್ಲಾ ಅದ್?" ಎಂದು ಕೇಳಿ, ತಾವೂ ಎಣಿಸತೊಡಗಿದರು. ಹತ್ತರ ಹೊತ್ತಿಗೆ ಇಡೀ ಸಾಲು ಉಸಿರು ಬಿಗಿಹಿಡಿದಿತ್ತು. ಹದಿನಾರು ಎಂದಾಗ ಶಾಂತಾದೇವಿ ಬಾಗಿಲಲ್ಲಿ ಬಂದು ನಿಂತು, ನಲವತ್ತು ಜನ ಮರದ ಬೊಂಬೆಗಳ ಹಾಗೆ ಮಲಗಿರುವುದನ್ನು ಕಂಡು ಬೆಪ್ಪಾದಳು. "ಏನಾಗಿದೆ ಇವರಿಗೆಲ್ಲ?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ಮೇಡನ್ ಓವರು ಎಂದೆ.

ಇಪ್ಪತ್ತೊಂದು ಗಂಟು ದಾಟಿದ ಮೇಲೆ ಮಾವನವರ ಬೆರಳು ಗಕ್ಕನೆ ನಿಂತಿತು. ಮೂಗಿನ ಹತ್ತಿರ ತಂದುಕೊಂಡರು. "ಮರುಗ!"

"ಬಂತಾ?" ಎಂದಿತು ಸಾಲು.

"ಬಂತು. ಒಂದು."

ಎಲ್ಲರೂ ಉಸಿರು ಬಿಟ್ಟರು. ಮಾವನವರು ಮಾಲೆ ಹಿಡಿದುಕೊಂಡೇ, "ಸುಳ್ಳು ಹೇಳೋಳಾಗಿದ್ದರೆ ನಡುವೆ ಎಲ್ಲಾದರೂ ಎರಡು ರನ್ನು ಸಿಕ್ಕಿಸಿರೋಳು, ನಂಬಲಿ ಅಂತ. ಹೀಗೆ ನಂಬೋಕೇ ಆಗದ ಹಾಗೆ ಕಟ್ಟಬೇಕಾದರೆ ನಿಜವೇ ಇರಬೇಕು" ಎಂದರು. ಮತ್ತೆ, "ಕುಂದರನ್‌ನ ನೂರು?" ಎಂದರು.

"ವಾಪಸು ಕೊಟ್ಟೆ ಮಾವ. ತಪ್ಪಾಯಿತು. ಹೆದರಿಕೆಯಾಗಿತ್ತು, ನಿಮ್ಮ ಕಣ್ಣು..." ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

"ಅಳಬೇಡ ಕಣಮ್ಮ. ಅಳಬಾರದು ಅಂತ ಆರ್ಡರಿದೆ" ಎಂದರು.

೧೩ ಜನವರಿ, ಸೋಮವಾರ

ಇವತ್ತು ಆಟಕ್ಕೆ ರಜ. ಬೆಳಗ್ಗೆಯಿಂದ ಹಜಾರದಲ್ಲಿ ಅದೇ ಚರ್ಚೆ, ನಿಧಾನ ಆಡುವುದು ಸರಿಯೋ ತಪ್ಪೋ ಎಂದು. ನಿನ್ನೆಯವರೆಗೆ ಚೆಂಡು ಕಂಡರಿಯದವರೆಲ್ಲ ತೀರ್ಪು ಕೊಡುತ್ತಿದ್ದಾರೆ. ಷಡಕ್ಷರಪ್ಪನವರು, "ತೆಂಗಿನ ಸಸಿ ಮಡಗಿ ಎಂಟು ವರ್ಸ ಕಾಯ್ತೀವಿ. ಅವ್ನು ಎಲ್ಡು ಗಂಟೆ ಕಾದ್ರೆ ಏನ್ ಗಂಟು ಓಯ್ತದೆ ಸ್ವಾಮಿ?" ಎಂದರು. ಮಾವ ಒಪ್ಪಲಿಲ್ಲ. ಆಡುವವನು ಹೊಡೆಯಲೇಬೇಕಂತೆ. "ಆದರೆ ಹೊಡೆಯೋಕೆ ಬಿಡದ ಹಾಗೆ ಹಾಕ್ತಾನಲ್ಲ, ನೂರಿಪ್ಪತ್ತಾರು ಚೆಂಡು ಒಂದೇ ಜಾಗಕ್ಕೆ, ಅದು ಬೇರೆ ವಿಷಯ. ಅವನಿಗೆ ಎಷ್ಟು ಬೇಸರ ಆಗಿರಬೇಕು! ಬೇಸರವಾದರೂ ಬಿಡಲಿಲ್ಲ ನೋಡಿ."

ಇನ್ನೊಂದು ಹೇಳಬೇಕು. ಮಡಿಯೆಂದು ಛತ್ರದ ನೀರೂ ಬೇಡ ಎಂದಿದ್ದ ಮಾವ ಇವತ್ತು ಶಿವಗಂಗಮ್ಮ ಕೊಟ್ಟ ರಾಗಿ ಅಂಬಲಿ ಕುಡಿದು, ಇನ್ನೊಂದು ಲೋಟ ಕೇಳಿದರು. ಅತ್ತೆಗೆ ಹೇಳಬೇಡ ಎಂದರು. ನಾನು ಯಾಕೆ ಹೇಳಲಿ? ಒಂದು ಗುಟುಕು ನಾನೂ ಕುಡಿದಿದ್ದೆ.

೧೪ ಜನವರಿ, ಮಂಗಳವಾರ

ಸಂಕ್ರಾಂತಿ. ಎಳ್ಳು, ಕೊಬ್ಬರಿ ಅಗಿಯುವಂತಿಲ್ಲ. ಸಕ್ಕರೆ ಅಚ್ಚು ಬಾಯಲ್ಲಿ ಕರಗಿಸಬಹುದು ಎಂದು ಶಾಂತಾದೇವಿ ದೊಡ್ಡ ಮನಸ್ಸು ಮಾಡಿದಳು. ಮಾವನ ಪಾಲಿಗೆ ಆನೆ ಬಂತು, ಷಡಕ್ಷರಪ್ಪನವರಿಗೆ ಹುಂಜ. ಯಾರದು ಹೆಚ್ಚು ಹೊತ್ತು ಉಳಿಯುತ್ತದೆ ಎಂದು ಪಂದ್ಯ ಕಟ್ಟಿ, ಇಬ್ಬರೂ ಬೇಕೆಂದೇ ನಿಧಾನ ಮಾಡಿದರು.

ಜಾನಕಮ್ಮ ಹೂವು ಕೇಳಿದರು. ಬುಟ್ಟಿಯಲ್ಲಿ ಎರಡು ಹಿಡಿಯೂ ಉಳಿದಿರಲಿಲ್ಲ. "ನನ್ನ ಗೋಪಾಲಕೃಷ್ಣನ ಹೂವನ್ನೆಲ್ಲ ನಾಡಕರ್ಣಿಗೆ ಏರಿಸಿಬಿಟ್ಟೆಯಲ್ಲೇ!" ಎಂದು ನಕ್ಕು, ಸೇವಂತಿಗೆ ತರಿಸಿದರು.

ಆಟದಲ್ಲಿ ವಿಶೇಷವಿಲ್ಲ. ಎಲ್ಲವನ್ನೂ ಇದ್ದ ಹಾಗೇ ಹೇಳಿದೆ. ಬೌಂಡರಿ ಎಂದಾಗ ಮಾವ ಕಾಲಿನ ಹೆಬ್ಬೆರಳನ್ನು ಮಾತ್ರ ಅಲ್ಲಾಡಿಸಿದರು.

೧೫ ಜನವರಿ, ಬುಧವಾರ

ಡ್ರಾ. ಐದು ದಿನ ಆಡಿ ಯಾರೂ ಗೆಲ್ಲದೆ ಹೋಗುವುದೆಂದರೇನು? ನಮ್ಮವರು ಎರಡನೆಯ ಸಲ ಇನ್ನೂ ಬೇಗ ಹೊಡೆದು ಮುಗಿಸಬೇಕಾಗಿತ್ತು. ನನಗೆ ಸಾಯಂಕಾಲವೆಲ್ಲ ಮೈ ಉರಿಯುತ್ತಿತ್ತು.

೧೬ ಜನವರಿ, ಗುರುವಾರ

ಪಟ್ಟಿ ಬಿಚ್ಚಿದರು.

ಷಡಕ್ಷರಪ್ಪನವರದು ಮೊದಲು ಬಿಚ್ಚಿದರು. ಅವರು ಹೆಂಡತಿಯನ್ನು ಕಂಡು "ಏನೇ, ಇಷ್ಟು ಬೆಳ್ಗಾಗೈತೆ ನಿನ್ ತಲೆ!" ಎಂದರು. ಶಿವಗಂಗಮ್ಮ ನಕ್ಕು ನಕ್ಕು ಅತ್ತರು.

ಆಮೇಲೆ ಮಾವ. ಡಾಕ್ಟರು ಪಟ್ಟಿ ತೆಗೆದು, ಒದ್ದೆ ಹತ್ತಿಯಿಂದ ಒರೆಸಿ, ಪರೀಕ್ಷೆಗೆಂದು ಇಟ್ಟುಕೊಂಡಿದ್ದ ದಪ್ಪ ಗಾಜಿನ ಚೌಕಟ್ಟನ್ನು ಮೂಗಿನ ಮೇಲೆ ಇಟ್ಟರು. ಮೂರು ಬೆರಳು ತೋರಿಸಿ ಎಷ್ಟು ಎಂದರು. ಮಾವ ಬೆರಳನ್ನು ನೋಡಲೇ ಇಲ್ಲ. ಡಾಕ್ಟರ ಭುಜದ ಆಚೆ ನಿಂತಿದ್ದ ನನ್ನನ್ನು ನೋಡುತ್ತಿದ್ದರು.

"ಇವಳು ಯಾರು?"

"ನಾನು ಮಾವ. ಯದುಗಿರಿ."

"ನೀನಾ? ಇಷ್ಟು ಚಿಕ್ಕ ಹುಡುಗಿಯಾ ನೀನು? ನಿನ್ನ ಬಾಯಿ ಕೇಳಿ, ನಲವತ್ತು ವರ್ಷದ ದಪ್ಪನೆ ಹೆಂಗಸು ಅಂದ್ಕೊಂಡಿದ್ದೆನಲ್ಲಮ್ಮ!"

ನಲವತ್ತು ಹಾಸಿಗೆಯೂ ನಕ್ಕಿತು. ಇವತ್ತು ಶಾಂತಾದೇವಿಯೂ ಬೈಯಲಿಲ್ಲ. ನಾನು ಮಾವನ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ. ಅವರು ತಲೆ ಸವರುತ್ತಾ, "ಮೂರು ಡಾಕ್ಟರೆ, ಮೂರು ಬೆರಳು" ಎಂದರು.

೨೧ ಜನವರಿ, ಮಂಗಳವಾರ

ಐದು ದಿನದಿಂದ ಬರೆಯಲಿಲ್ಲ, ಪುರುಸೊತ್ತಾಗಲಿಲ್ಲ. ಇವತ್ತಿನಿಂದ ಬೊಂಬಾಯಿಯಲ್ಲಿ ಎರಡನೆಯ ಟೆಸ್ಟು.

ಮಾವನಿಗೆ ಕನ್ನಡಕ ಬರುವುದಕ್ಕೆ ಇನ್ನೂ ಒಂದು ತಿಂಗಳು, ಅಲ್ಲಿಯವರೆಗೆ ಓದುವುದು ಬರೆಯುವುದು ಬೇಡ ಎಂದಿದ್ದಾರೆ. ಅದಕ್ಕೆ ಪೇಟೆಯಿಂದ ಅವರೇ ಹೇಳಿ ಒಂದು ಬುಟ್ಟಿ ಕನಕಾಂಬರ, ಒಂದು ಕಟ್ಟು ಮರುಗ ತರಿಸಿದ್ದಾರೆ. ಜಾನಕಮ್ಮನ ಜಗುಲಿಯಲ್ಲಿ ಮಾವನಿಗೆ ಬೆತ್ತದ ಕುರ್ಚಿ, ಕಣ್ಣಿಗೆ ಹಸಿರು ಬಟ್ಟೆಯ ಮರೆ. ಯಾವನೋ ಒಬ್ಬ ಬರೀ ಕುಟ್ಟುತ್ತಾ ನಿಂತಿದ್ದ. ನಾನು ತಡೆಯಲಾರದೆ "ಹೊಡೀಬಾರದೇನಯ್ಯಾ ಮಹರಾಯಾ!" ಎಂದು ರೇಡಿಯೋಗೆ ಕೂಗಿ ಎದ್ದು ನಿಂತೆ. ಮಾವ ಕುರ್ಚಿಯಲ್ಲಿ ಅಲುಗಾಡದೆ, "ಕೂತ್ಕೋಮ್ಮ, ಕೂತ್ಕೋ. ಹೊಲಿಗೆ ಬಿಟ್ಟುಹೋದೀತು" ಎಂದರು.

ಅಷ್ಟರಲ್ಲಿ ಅಣ್ಣ ಅನಂತಸ್ವಾಮಿ ಬಂದ. ಬೆಳಗ್ಗೆಯೇ ಬೇಲೂರು ಬಿಟ್ಟನಂತೆ, ಹಳೇಬೀಡಿನಲ್ಲಿ ಬಸ್ಸು ಕೆಟ್ಟು ಒಂದು ಗಂಟೆ ಕೂರಿಸಿದರಂತೆ. ಬಂದವನೇ "ಹೊರಡು, ಎರಡು ಗಂಟೆಗೆ ವಾಪಸು ಬಸ್ಸಿದೆ" ಎಂದ.

"ಇಪ್ಪತ್ತಾರಕ್ಕೆ ಟೆಸ್ಟು ಮುಗಿಯುತ್ತೆ ಅಣ್ಣ. ಆಮೇಲೆ ಬರ್ತೀನಿ."

"ಈ ಮನೇಲಿ ಒಂದು ದಿನವೂ ಇರಲಾರೆ ಅಂತ ನೀನೇ ತಾನೇ ಕಾಗದ ಬರೆದದ್ದು?"

ಮಾವನ ಮುಂದೆಯೇ ಹೇಳಿಬಿಟ್ಟ, ಬಾಯಿ ಹಿಡಿತವೇ ಇಲ್ಲ ಇವನಿಗೆ. ನಾನು ಹಾಗೆ ಬರೆದಿದ್ದೆನೇ? ಈಗ ಹಿಂದಿನ ಪುಟ ತಿರುವಿ ನೋಡಿದೆ, ಬರೆದಿದ್ದೇನೆ. ಆಗ ಏನೋ ಕೆಲಸ ಜಾಸ್ತಿ ಇದ್ದಿರಬೇಕು. ಮಾವ ಮಾತ್ರ ಹುಳಿ ಮುಖ ಮಾಡಲಿಲ್ಲ. "ಹೋಗಿ ಬಾರಮ್ಮ, ಅಪ್ಪ ಕಾಯ್ತಿರ್ತಾರೆ. ನಾನು ಹೇಗೋ ಎಣಿಸ್ಕೋತೀನಿ" ಎಂದು ನಾರಿಗೆ ಕೈ ಹಾಕಿ, ಮೊದಲನೆಯ ಹೂವನ್ನೇ ತಲೆಕೆಳಗಾಗಿ ಕಟ್ಟಿದರು.

ಊಟಕ್ಕೆಂದು ಮನೆಗೆ ಬಂದೆವು. ಮಾವನ ಹಾಸಿಗೆಯ ಮೇಲಿನ ಗೂಟದಲ್ಲಿ ಮದರಾಸಿನ ಮಾಲೆ ಒಣಗಿ ತೂಗುತ್ತಿತ್ತು. ಅಣ್ಣ ಅದನ್ನು ತೆಗೆದು ತಿರುಗಿಸಿ ತಿರುಗಿಸಿ ನೋಡಿದ. ಅವನಿಗೆ ತಡೆಯುವುದೇ?

"ಥೂ, ಯಾರೇ ಕಟ್ಟಿದ್ದು ಇದನ್ನ? ಒಂದೊಂದೇ ಹೂವು, ಆರಕ್ಕೊಂದು ಗುಜ್ಜು ಗಂಟು, ಕೊನೇಲಿ ಎಲ್ಲೋ ಒಂದು ಮರುಗ. ಇಂಥಾ ಮಾಲೇನ ಯಾವ ದೇವರು ಹಾಕ್ಕೋತಾನೆ?"

ಮಾವ ಕೈ ಚಾಚಿ ಮಾಲೆಯನ್ನು ಅವನಿಂದ ತೆಗೆದುಕೊಂಡರು. ಒಂದು ಹೂವೂ ಉದುರದ ಹಾಗೆ, ನಿಧಾನವಾಗಿ, ಮತ್ತೆ ಗೂಟಕ್ಕೆ ಹಾಕಿದರು.

"ದೇವರಿಗಲ್ಲಪ್ಪ, ಅದು ನನಗೆ ಕಟ್ಟಿದ್ದು" ಎಂದರು.

ಅಣ್ಣ ಎರಡು ಗಂಟೆಯ ಬಸ್ಸಿಗೆ ಒಬ್ಬನೇ ಹೋದ. ನಾವು ಊಟದ ನಂತರದ ಆಟಕ್ಕೆ ಸರಿಯಾಗಿ ಜಾನಕಮ್ಮನ ಜಗುಲಿಗೆ ಬಂದೆವು.